ಸಮಾಂತರ ರೇಖೆ ಮತ್ತು ಲಂಬ ರೇಖೆ: ಒಂದು ಪರಿಚಯ

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಮಕ್ಕಳು ಗಣಿತವನ್ನು ಹೆಚ್ಚಾಗಿ ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರು ಪಾಠ ಹೇಳಿಕೊಡಲು ಹಿಂಜರಿಯುತ್ತಾರೆ. ಇಲ್ಲಿ ತೊಡಕಾಗಿರುವುದು ಪದ ಮಾತ್ರ, ವಿಷಯವಲ್ಲ. ಮಕ್ಕಳು ಪ್ಯಾರಲಲ್, ಪರ್ಪೆಂಡಿಕ್ಯುಲರ್ ಎನ್ನುವುದನ್ನೇ ನಾವು ಸಮಾಂತರ, ಲಂಬ ಎಂದು ಕಲಿತಿದ್ದೇವೆ. ನಮ್ಮ ಪದಗಳಲ್ಲಿ ಅರ್ಥವೂ ಅಡಗಿದೆ.

ಸಮಾಂತರ ರೇಖೆಗಳು

'ಸಮ' ಮತ್ತು 'ಅಂತರ' ಸೇರಿ ಸಮಾಂತರ. ಒಂದೇ ಸಮತಲದಲ್ಲಿದ್ದು, ಎರಡೂ ಕಡೆಗೆ ಎಷ್ಟೇ ಬೆಳೆಸಿದರೂ ಸಂಧಿಸದ ಸರಳರೇಖೆಗಳೇ ಸಮಾಂತರ ರೇಖೆಗಳು. ಅವುಗಳ ನಡುವಿನ ಅಂತರ ಎಲ್ಲೆಡೆಯೂ ಒಂದೇ. ನೇರವಾಗಿ ಸಾಗುವ ರೈಲು ಹಳಿಗಳು ಇದಕ್ಕೆ ನಿದರ್ಶನ. ನಮ್ಮ ಬ್ರಾಡ್‌ಗೇಜ್ ಹಳಿಗಳ ಅಂತರ 1,676 ಮಿಲಿಮೀಟರ್. 'ಒಂದೇ ಸಮತಲ' ಎಂಬ ನಿಬಂಧನೆಯನ್ನು ಮರೆಯಬಾರದು. ಮೇಲ್ಸೇತುವೆಯೂ ಅದರ ಕೆಳಗೆ ಅಡ್ಡ ಹಾಯುವ ರಸ್ತೆಯೂ ಎಂದೂ ಸಂಧಿಸುವುದಿಲ್ಲ. ಆದರೂ ಅವು ಸಮಾಂತರವಲ್ಲ.

ಎರಡು ರೇಖೆಗಳನ್ನು ಕತ್ತರಿಸಿ ಹೋಗುವ ಮೂರನೆಯ ರೇಖೆಗೆ ಛೇದಕವೆಂದು ಹೆಸರು. ಛೇದಕದ ಒಂದೇ ಬದಿಯ ಎರಡು ಒಳಕೋನಗಳ ಮೊತ್ತ 180 ಡಿಗ್ರಿಯಾದರೆ ಆ ರೇಖೆಗಳು ಸಮಾಂತರ. 70 ಮತ್ತು 110 ಡಿಗ್ರಿಯಾದರೆ ಸರಿ. 70 ಮತ್ತು 109 ಆದರೆ, ಕಣ್ಣಿಗೆ ಸಮಾಂತರವೆಂದೇ ತೋರಿದರೂ, ಮೊತ್ತ ಕಡಿಮೆಯಿರುವ ಆ ಬದಿಯಲ್ಲಿ ದೂರ ಹೋಗಿ ಕೂಡುತ್ತವೆ. ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡನ ಐದನೆಯ ಆಧಾರ ಪ್ರತಿಜ್ಞೆ ಇದೇ. ಅದನ್ನು ಉಳಿದ ನಾಲ್ಕರಿಂದ ಸಾಧಿಸಲು ವಿದ್ವಾಂಸರು ಶತಮಾನಗಳ ಕಾಲ ಶ್ರಮಿಸಿದರು. ಕೊನೆಗೆ 1829ರಲ್ಲಿ ಲೊಬಚೆವ್‌ಸ್ಕಿ, 1832ರಲ್ಲಿ ಬೊಯಾಯ್ ಅದನ್ನು ಒಪ್ಪದ ಬೇರೊಂದು ರೇಖಾಗಣಿತವನ್ನೇ ಪ್ರಕಟಿಸಿದರು.

ಲಂಬ ರೇಖೆಗಳು

'ಲಂಬ' ಎಂದರೆ ಇಳಿಬಿದ್ದದ್ದು. ಗಾರೆಯವರು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟಾಗ ಆ ದಾರವು ಸಮಮಟ್ಟದ ನೆಲಕ್ಕೆ ಲಂಬ. ಎರಡು ರೇಖೆಗಳು 90 ಡಿಗ್ರಿಯಲ್ಲಿ ಸಂಧಿಸಿದರೆ ಅವು ಪರಸ್ಪರ ಲಂಬವಾಗಿರುತ್ತವೆ. ಕೋಣೆಯ ಮೂಲೆಯಿಂದ ಒಂದು ಗೋಡೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತಿಸಿ. ಗುರುತುಗಳ ನಡುವೆ ಸರಿಯಾಗಿ 5 ಅಡಿಯಿದ್ದರೆ ಮೂಲೆ ನೆಟ್ಟಗಿದೆ. 3 ಮತ್ತು 4ರ ಈ ಜೋಡಿ ಬೌಧಾಯನ ಶುಲ್ಬಸೂತ್ರದಲ್ಲಿಯೂ ಬರುತ್ತದೆ.

ಇವೆರಡರ ನಂಟು

ಒಂದು ಕಾಗದವನ್ನು ಮಡಿಸಿರಿ. ಆ ಗೆರೆ ತನ್ನ ಮೇಲೆಯೇ ಕೂರುವಂತೆ ಮತ್ತೆ ಮಡಿಸಿದರೆ ಎರಡನೆಯ ಗೆರೆ ಮೊದಲನೆಯದಕ್ಕೆ ಲಂಬ. ಕಾಗದವನ್ನು ಬಿಡಿಸಿ, ಎರಡನೆಯ ಗೆರೆಯನ್ನು ಬೇರೊಂದೆಡೆ ಹಾಗೆಯೇ ಮಡಿಸಿದರೆ ಮೂರನೆಯ ಗೆರೆ ಮೊದಲನೆಯದಕ್ಕೆ ಸಮಾಂತರ. ಅಂದರೆ, ಒಂದೇ ಸಮತಲದಲ್ಲಿ ಒಂದೇ ರೇಖೆಗೆ ಲಂಬವಾಗಿರುವ ಎರಡು ರೇಖೆಗಳು ಪರಸ್ಪರ ಸಮಾಂತರ. ಭೂಗೋಳದ ಮೇಲೆ ಈ ನಿಯಮ ನಡೆಯದು: ರೇಖಾಂಶಗಳೆಲ್ಲ ಸಮಭಾಜಕಕ್ಕೆ ಲಂಬವಾಗಿದ್ದರೂ ಧ್ರುವಗಳಲ್ಲಿ ಕೂಡುತ್ತವೆ.

ಮೇಲಿನ ತರಗತಿಗಳಲ್ಲಿ ಮಕ್ಕಳು ಸ್ಲೋಪ್ ಎನ್ನುವ ಇಳಿಜಾರಿನಿಂದಲೂ ಇದನ್ನು ತಿಳಿಯಬಹುದು. ಇಳಿಜಾರು ಸಮನಾಗಿರುವ ಎರಡು ಬೇರೆ ರೇಖೆಗಳು ಸಮಾಂತರ. ಇಳಿಜಾರುಗಳ ಗುಣಲಬ್ಧ -1 ಆದರೆ ಲಂಬ. ಒಂದರದು 2 ಆದರೆ ಲಂಬ ರೇಖೆಯದು -1/2. ನೆಟ್ಟಗೆ ನಿಂತ ರೇಖೆಗೆ ಇಳಿಜಾರಿನ ಬೆಲೆಯಿಲ್ಲದ ಕಾರಣ ಈ ಲೆಕ್ಕ ಅದಕ್ಕೆ ಅನ್ವಯಿಸದು.

ಕಾಗದ ಮಡಿಸುವ ಪ್ರಯೋಗಕ್ಕೆ ಭಾಷೆಯ ಹಂಗಿಲ್ಲ. ಹಿರಿಯರು ಮೊಮ್ಮಕ್ಕಳೊಡನೆ ಮಾಡಿ ನೋಡಿ, ಎರಡೂ ಭಾಷೆಯ ಹೆಸರುಗಳನ್ನು ಗೆರೆಗಳ ಮೇಲೆ ಬರೆಯಿಸಲಿ ಎಂಬುದು ನಮ್ಮ ವಿನಂತಿ.