ತೂಕದ ದಾಖಲೆ ಹೇಳಿದ ಕಾವೇರಿಯ ಕಥೆ

ಇತಿಹಾಸಕ್ಕೆ ಶಾಸನ, ನಾಣ್ಯ, ಓಲೆಗರಿಗಳಷ್ಟೇ ಆಧಾರಗಳೇ? ಮೀನಿನ ತೂಕವನ್ನು ಬರೆದಿಟ್ಟ ಪುಸ್ತಕವೂ ಒಂದು ನದಿಯ ಇತಿಹಾಸವನ್ನು ಹೇಳಬಲ್ಲದು. ಕಾವೇರಿಯ ಮಹಶೀರ್ ಮೀನು ಇದಕ್ಕೆ ಒಳ್ಳೆಯ ನಿದರ್ಶನ.

ಮೊದಲು ಒಂದು ಸರಳ ಲೆಕ್ಕವನ್ನು ನೋಡೋಣ. ಆಕಾರ ಬದಲಾಗದೆ ಮೀನು ಬೆಳೆದರೆ, ಉದ್ದ ಎರಡು ಪಟ್ಟಾದಾಗ ತೂಕ ಎಂಟು ಪಟ್ಟಾಗುತ್ತದೆ. ಉದ್ದದೊಡನೆ ಅಗಲ, ದಪ್ಪಗಳೂ ಇಮ್ಮಡಿಯಾಗುವುದೇ ಇದಕ್ಕೆ ಕಾರಣ. ಉದ್ದಕ್ಕೆ ತಕ್ಕ ತೂಕವಿದ್ದರೆ ಮೀನು ಪುಷ್ಟವಾಗಿದೆ ಎಂದರ್ಥ. ಇಲ್ಲವಾದರೆ ಆಹಾರದ ಕೊರತೆ, ರೋಗ ಅಥವಾ ಮೊಟ್ಟೆಯಿಟ್ಟ ನಂತರದ ಬಳಲಿಕೆ ಇರಬಹುದು. ಸ್ಕಾಟ್ಲೆಂಡಿನ ಫುಲ್ಟನ್ ಅವರ ಹೆಸರಿನಲ್ಲಿ ಈ ಅಳತೆ ಪ್ರಸಿದ್ಧವಾಯಿತು. ಆದರೆ ಎಲ್ಲ ಮೀನುಗಳ ಮೈಕಟ್ಟು ಒಂದೇ ಅಲ್ಲ. ಆಯಾ ಮೀನಿಗೆ ಅದರದೇ ಸರಾಸರಿಯನ್ನು ಅಳತೆಗೋಲಾಗಿಸುವ ವಿಧಾನವನ್ನು 1951ರಲ್ಲಿ ಲ ಕ್ರೆನ್ ಮುಂದಿಟ್ಟರು. ಬೆನ್ನು ಉಬ್ಬಿದ ಕಾವೇರಿಯ ಮಹಶೀರನ್ನು ಬೇರೆ ಮೀನಿನ ಅಳತೆಯಲ್ಲಿ ತೂಗುವುದು ಸರಿಯಾಗದು.

ಈ ಗೂನುಬೆನ್ನಿನ ಮೀನು ಗಾಳಗಾರರ ಲೋಕದಲ್ಲಿ ಬಹಳ ಹಿಂದೆಯೇ ಹೆಸರಾಗಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಾವೇರಿ ಕೊಳ್ಳದಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಮುಂದೆ ಗಾಳಿಬೋರೆಯ ಶಿಬಿರದಲ್ಲಿ ಹಿಡಿದ ಮೀನಿನ ತೂಕವನ್ನು ಬರೆದುಕೊಂಡು ಅದನ್ನು ಮತ್ತೆ ನೀರಿಗೆ ಬಿಡುವ ಪದ್ಧತಿ ಬೆಳೆಯಿತು. 1998ರಿಂದ 2012ರವರೆಗಿನ ಈ ದಾಖಲೆಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕವಿದೆ.

ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದವರು 2015ರಲ್ಲಿ ಈ ಲೆಕ್ಕವನ್ನು ವಿಶ್ಲೇಷಿಸಿದಾಗ ವಿಚಿತ್ರವೊಂದು ಕಂಡಿತು. ಗೂನುಬೆನ್ನಿನ ಮಹಶೀರ್ ಗಾಳಕ್ಕೆ ಸಿಗುವುದು ವರ್ಷೇ ವರ್ಷೇ ಕಡಿಮೆಯಾಗಿತ್ತು. ಆದರೆ ಸಿಕ್ಕವುಗಳ ಸರಾಸರಿ ತೂಕ ಏರುತ್ತಲೇ ಇತ್ತು! ಇದು ಸಂತೋಷದ ಸುದ್ದಿಯೇ? ಒಂದನೆಯ ತರಗತಿಗೆ ಮಕ್ಕಳು ಸೇರುವುದೇ ನಿಂತುಹೋದ ಶಾಲೆಯನ್ನು ಊಹಿಸಿಕೊಳ್ಳಿ. ಅಲ್ಲಿನ ಮಕ್ಕಳ ಸರಾಸರಿ ಎತ್ತರ ಪ್ರತಿ ವರ್ಷ ಹೆಚ್ಚುತ್ತದೆ; ಕೊನೆಗೊಂದು ದಿನ ಶಾಲೆಗೆ ಬೀಗ ಬೀಳುತ್ತದೆ. ನದಿಯಲ್ಲಿ ಆದದ್ದೂ ಇದೇ. ಹಿರಿಯ ಮೀನುಗಳು ಉಳಿದಿದ್ದವು, ಮರಿಗಳು ಬರುತ್ತಿರಲಿಲ್ಲ.

ಇದೇ ಅವಧಿಯಲ್ಲಿ ನೀಲಿ ರೆಕ್ಕೆಯ ಮತ್ತೊಂದು ಮಹಶೀರ್ ಹೆಚ್ಚಿತ್ತು. ಮೀನುಸಂಪತ್ತು ವೃದ್ಧಿಯಾಗಲೆಂಬ ಸದುದ್ದೇಶದಿಂದಲೇ 1970ರ ದಶಕದಿಂದ ಲೋನಾವಳದ ಮರಿಗಳನ್ನು ಕಾವೇರಿಗೆ ಬಿಡಲಾಗಿತ್ತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದಿನ ಬೇಟೆಗಳೂ ನದಿಯನ್ನು ಕಾಡಿದ್ದವು. ವಿಷಾದವೆಂದರೆ, ಅಳಿವಿನಂಚಿಗೆ ಬಂದ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ಕೇರಳದ ಪಾಂಬಾರ್ ನದಿಯಿಂದ ಹಿಂದೆಯೇ ವರ್ಣಿಸಲಾಗಿದ್ದ 'ಟಾರ್ ರೆಮದೇವಿ'ಯೇ ಇದು ಎಂದು ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿಗೆ ಸೇರಿತು.

ಒಂದು ಮೀನಿನ ಪುಷ್ಟಿ ಬೇರೆ, ಅದರ ಸಂತತಿಯ ಕ್ಷೇಮ ಬೇರೆ. ಸರಾಸರಿ ಎಂಬುದು ಒಮ್ಮೊಮ್ಮೆ ಸತ್ಯವನ್ನೇ ಮರೆಮಾಡುತ್ತದೆ. ಇನ್ನು ಮುಂದೆ ದೈತ್ಯ ಮೀನೊಂದರ ಹಳೆಯ ಛಾಯಾಚಿತ್ರ ಕಂಡಾಗ ಅದರ ತೂಕವನ್ನಷ್ಟೇ ವಿಚಾರಿಸಬೇಡಿ. ಅದರ ಮರಿಗಳೆಲ್ಲಿ ಎಂದೂ ಕೇಳಿ.