ರಾಂಜಣಗಾಂವ: ಗುಡಾಣದ ಹೆಸರಿನ ಊರು

ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹಮದನಗರ) ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ಸಾಗಿದರೆ ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದಾದ ರಾಂಜಣಗಾಂವ. ಇಲ್ಲಿಯ ಮಹಾಗಣಪತಿಗೆ ಕಲ್ಲಿನ ಗರ್ಭಗುಡಿ ಕಟ್ಟಿಸಿದವನು ಪೇಶ್ವೆ ಮಾಧವರಾವ್ (1761–1772) ಎಂದು ಸ್ಥಳ ಪರಂಪರೆ ಹೇಳುತ್ತದೆ. ಹೈದರಾಲಿಯ ಮೇಲೆ ಮತ್ತೆ ಮತ್ತೆ ದಂಡೆತ್ತಿ ಬಂದವನೆಂದು ಕನ್ನಡನಾಡು ಬಲ್ಲ ಮಾಧವರಾವನೇ ಈತ.

ಮರಾಠಿಯಲ್ಲಿ ರಾಂಜಣವೆಂದರೆ ನೀರು ತುಂಬಿಡುವ ಮಣ್ಣಿನ ದೊಡ್ಡ ಗುಡಾಣ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಬಯಲಿಗೆ ಒಪ್ಪುವ ಹೆಸರೇ ಸರಿ. ಉತ್ತರದ ನಿಘೋಜದ ಬಳಿ ಕುಕಡಿ ನದಿಯ ಕರಿಗಲ್ಲ ಪಾತ್ರದಲ್ಲಿ, ಪ್ರವಾಹದ ಸುಳಿಗೆ ಸಿಕ್ಕ ಉರುಟುಗಲ್ಲುಗಳು ತಿರುಗಿ ತಿರುಗಿ ಕೊರೆದ ಆಳವಾದ ಕುಳಿಗಳಿವೆ. ಅವನ್ನೂ ಜನ ‘ರಾಂಜಣ ಖಳಗೆ’ ಎನ್ನುತ್ತಾರೆ. ಗುಡಾಣವಲ್ಲದೆ ಬೇರೆ ಹೋಲಿಕೆ ಅವರಿಗೆ ಹೊಳೆದಿಲ್ಲ!

ಇಂದು ಊರ ಮಗ್ಗುಲಿನ ಔದ್ಯೋಗಿಕ ವಸಾಹತಿನಲ್ಲಿ ಕಾರು, ಫ್ರಿಜ್ಜುಗಳು ತಯಾರಾಗುತ್ತವೆ. ಹೊಲಗಳಂತೆಯೇ ಅವಕ್ಕೂ ನೀರು ಬೇಕು.