ಮಳೂರು ಕೃಷ್ಣನೂ ‘ಜಗದೋದ್ಧಾರನ’ ಕೀರ್ತನೆಯೂ

ಚನ್ನಪಟ್ಟಣದ ಸಮೀಪದಲ್ಲಿ, ಬೆಂಗಳೂರು–ಮೈಸೂರು ಹೆದ್ದಾರಿಯ ಮಗ್ಗುಲಲ್ಲಿ, ದೊಡ್ಡಮಳೂರೆಂಬ ಗ್ರಾಮವಿರುವುದು. ಅಲ್ಲಿನ ಪ್ರಧಾನ ದೇವತೆ ಅಪ್ರಮೇಯಸ್ವಾಮಿ. ಅದೇ ದೇವಾಲಯದ ಒಂದು ಗುಡಿಯಲ್ಲಿ, ಕೈಯಲ್ಲಿ ಬೆಣ್ಣೆಯ ಮುದ್ದೆಯನ್ನು ಹಿಡಿದು ಅಂಬೆಗಾಲಿಡುತ್ತಿರುವ ನವನೀತಕೃಷ್ಣನ ವಿಗ್ರಹವುಂಟು. ಸಂತಾನವನ್ನು ಬಯಸುವವರು ಇಲ್ಲಿಗೆ ಬಂದು ತೊಟ್ಟಿಲನ್ನು ಹರಕೆಯಾಗಿ ಒಪ್ಪಿಸುವರು. ಪುರಂದರದಾಸರು ಈ ಮೂರ್ತಿಯನ್ನು ಕಂಡೇ ‘ಜಗದೋದ್ಧಾರನ’ ಎಂಬ ಕೀರ್ತನೆಯನ್ನು ಹಾಡಿದರೆಂದು ಐತಿಹ್ಯ. ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಕೀರ್ತನೆಯ ರಚನೆಯಿಂದಲೇ ವಿಚಾರಿಸುವುದು ಯುಕ್ತವಾದುದು.

ಕೀರ್ತನೆಗೆ ಪಲ್ಲವಿ, ಅನುಪಲ್ಲವಿ, ಮೂರು ಕಿರುಚರಣಗಳೆಂಬ ಅಂಗಗಳುಂಟು. ಕೊನೆಯ ಚರಣದಲ್ಲಿ ದಾಸರ ಅಂಕಿತವಿರುವುದು. ವ್ಯಾಕರಣದೃಷ್ಟಿಯಿಂದ ನೋಡಿದರೆ ಇದೆಲ್ಲವೂ ಬಹುಮಟ್ಟಿಗೆ ಒಂದೇ ವಾಕ್ಯ. ಕರ್ತೃಪದವು ಯಶೋದೆ, ಕ್ರಿಯಾಪದವು ‘ಆಡಿಸಿದಳು’, ಚರಣಗಳಲ್ಲಿ ಬರುವ ಭಗವಂತನ ವಿಶೇಷಣಗಳೆಲ್ಲ ದ್ವಿತೀಯಾ ವಿಭಕ್ತಿಯವು. ಕರ್ಮಪದಗಳನ್ನು ಕೇಳುತ್ತ ಹೋದಂತೆ ಶ್ರೋತೃವಿನಲ್ಲಿ ಕ್ರಿಯಾಪದದ ಆಕಾಂಕ್ಷೆಯು ಹೆಚ್ಚುವುದು. ಗಾಯಕನು ಪಲ್ಲವಿಗೆ ಮರಳಿದಾಗಲೇ ಅದು ಶಮನವಾಗುವುದು. ಹೀಗೆ ವಾಕ್ಯದ ಅನ್ವಯವೂ ಸಂಗೀತದ ಆವೃತ್ತಿಯೂ ಇಲ್ಲಿ ಒಂದೇ ಆಗಿವೆ.

ಅರ್ಥದಲ್ಲಿಯೂ ಇದೇ ಕ್ರಮ. ವೇದಗಳಿಗೆ ನಿಲುಕದವನು, ಕಠೋಪನಿಷತ್ತು ಹೇಳುವಂತೆ ಅಣುವಿಗೂ ಅಣುವಾಗಿ ಮಹತ್ತಿಗೂ ಮಹತ್ತಾದವನು, ಕಡೆಗೆ ಒಬ್ಬ ಗೊಲ್ಲತಿಯ ಕೈಗೂಸಾಗುವನು. ಅವನ ಮಹಿಮೆಯನ್ನು ಹಾಡುವ ದಾಸರು ಬಲ್ಲರು, ಕೇಳುವವರು ಬಲ್ಲರು. ಮಗನೆಂದೇ ತಿಳಿದು ಆಡಿಸುವ ತಾಯಿಗೆ ಮಾತ್ರ ಅದರ ಅರಿವಿಲ್ಲ. ಈ ಅರಿವಿಲ್ಲದಿರುವಿಕೆಯೇ ಆಕೆಯ ಭಾಗ್ಯವೆಂಬುದು ಕೀರ್ತನೆಯ ಧ್ವನಿ. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ವತ್ಸಲವನ್ನು ಪ್ರತ್ಯೇಕ ರಸವೆಂದು ಒಪ್ಪಿರುವನು. ಆ ಮತಕ್ಕೆ ಕನ್ನಡದಲ್ಲಿ ಇದಕ್ಕಿಂತ ಉತ್ತಮವಾದ ಲಕ್ಷ್ಯವು ದೊರೆಯುವುದು ಕಷ್ಟ.

ರಾಗದ ವಿಷಯದಲ್ಲಿ ಎಚ್ಚರಿಕೆ ಬೇಕು. ಇಂದು ಇದನ್ನು ಕಾಪಿರಾಗ, ಆದಿತಾಳದಲ್ಲಿ ಹಾಡುವರು; ಬಿ. ಎಸ್. ರಾಜಾ ಅಯ್ಯಂಗಾರರ ಗ್ರಾಮಫೋನ್ ತಟ್ಟೆಯು ಇದನ್ನು ಮನೆಮನೆಗೂ ಮುಟ್ಟಿಸಿತು. ಆದರೆ ದಾಸರು 1564ರಲ್ಲಿ ದೇಹತ್ಯಾಗ ಮಾಡಿದರೆಂದು ಪರಂಪರೆ. ವೆಂಕಟಮಖಿಯು 72 ಮೇಳಗಳನ್ನು ನಿರೂಪಿಸಿದ್ದು 17ನೆಯ ಶತಮಾನದಲ್ಲಿ. ದಾಸರ ಕಾಲದ ಸ್ವರಲಿಪಿಯು ಉಳಿದಿಲ್ಲ. ಆದುದರಿಂದ ಹಿಂದೂಸ್ಥಾನೀ ಛಾಯೆಯುಳ್ಳ ಇಂದಿನ ಕಾಪಿಯನ್ನು ದಾಸರ ಮೇಲೆ ಹೊರಿಸಲಾಗದು. ಸಾಹಿತ್ಯವನ್ನಾದರೋ ಪ್ರಾಸವು ಕಾಪಾಡಿದೆ. ಆದಿಯ ಭಾಗಗಳಲ್ಲಿ ಎರಡನೆಯ ಅಕ್ಷರವು ಗಕಾರ, ಅಂತ್ಯದಲ್ಲಿ ರೇಫ. ಒಂದು ಪದವು ಜಾರಿದರೂ ಕಿವಿಗೆ ತಿಳಿಯುವುದು.

ಇನ್ನು ಐತಿಹ್ಯದ ವಿಚಾರ. ಎರಡನೆಯ ಚರಣದಲ್ಲಿ ‘ಅಪ್ರಮೇಯ’ ಎಂಬ ಪದವಿರುವುದು. ಇದು ಮಳೂರಿನ ಸ್ವಾಮಿಯ ಹೆಸರೇ ಆದುದರಿಂದ ಕೀರ್ತನೆಯು ಅಲ್ಲಿಯೇ ಹುಟ್ಟಿತೆಂದು ಹೇಳುವರು. ಈ ಅಂತಃಸಾಕ್ಷ್ಯವು ಪ್ರಬಲವಾದುದಲ್ಲ. ಅಪ್ರಮೇಯವೆಂಬುದು ವಿಷ್ಣುಸಹಸ್ರನಾಮದಲ್ಲಿಯೂ ಬರುವುದು. ಅಣು-ಮಹತ್ತುಗಳನ್ನು ಹೇಳಿದ ಮೇಲೆ ‘ಅಳತೆಗೆ ಸಿಕ್ಕದವನು’ ಎಂಬರ್ಥದ ಪದವು ಸಹಜವಾಗಿಯೇ ಒದಗುವುದು. ಆದರೂ ಐತಿಹ್ಯವು ನಿರರ್ಥಕವಲ್ಲ. ಅಳತೆಗೆ ಸಿಕ್ಕದ ಸ್ವಾಮಿ, ತೊಟ್ಟಿಲಿಗೆ ಸಿಕ್ಕುವ ಕೂಸು, ಇವರಿಬ್ಬರೂ ಒಂದೇ ಪ್ರಾಕಾರದೊಳಗೆ ನೆಲಸಿರುವ ಕ್ಷೇತ್ರವಿದು. ಕೀರ್ತನೆಯ ಜೀವವೂ ಈ ವಿರೋಧವೇ. ಪುರಂದರದಾಸರು ಮಳೂರಿನಲ್ಲಿ ಹಾಡಿದರೆಂಬುದು ಪ್ರಮಾಣಸಿದ್ಧವಾಗದಿದ್ದರೂ, ಮಳೂರಿನ ಜನರು ಕೀರ್ತನೆಯ ಅರ್ಥವನ್ನು ಸರಿಯಾಗಿ ಗ್ರಹಿಸಿದರೆಂಬುದು ನಿಶ್ಚಯ.